ಮಗಳ ಬಾಜೂಕಿನ ಜಾಗ

“ಪೆಟ್ಟಿಗಿ ಇಳಿಸಬ್ಯಾಡ್ರಿ. ಗಾಡ್ಯಾಗೇ ಇರಲಿ,” ಎನ್ನುತ್ತ ಪೊಲೀಸ್ ಪೇದೆ ಮೌನೇಶ ಅಡ್ಡ ಬಂದಾಗ ನಾಲ್ಕು ಜನ ಆಗಲೇ ಶವಪೆಟ್ಟಿಗೆಯ ಹಿಡಿಗೆ ಕೈ ಹಾಕಿದ್ದರು. ವ್ಯಾನಿನೊಳಗೆ ಪೆಟ್ಟಿಗೆಗೆ ಮೊಣಕಾಲು ತಾಗಿಸಿ ಕೂತಿದ್ದ ಅಕ್ಬರಿ ಬೇಗಂ ಬಗ್ಗಿ ಹೊರಗೆ ನೋಡಿದಳು. ಕಮಲಾಪುರದ ಕ್ರೈಸ್ತ ಸ್ಮಶಾನದ ಗೇಟಿನ ಕಂಬಕ್ಕೆ ಕಾಗದವೊಂದನ್ನು ಅಂಟಿಸಿದ್ದರು. ಅಂಟು ಇನ್ನೂ ಹಸಿಯಾಗಿತ್ತು.

“ಏನಾತ್ರಿ?” ಎಂದ ವಿವೇಕಾನಂದ. ತೀರಿಕೊಂಡ ವಿಮಲಾಬಾಯಿಗೆ ಉಳಿದಿದ್ದ ರಕ್ತಸಂಬಂಧಿ ಅವನೊಬ್ಬನೇ, ತಂಗಿಯ ಮಗ.

“ಕೋರ್ಟಿನ ತಡೆ ಅದರೀ ಸರ್. ಬಾಜೂ ಹೊಲದವರು ಈ ಜಾಗ ತಮ್ದು ಅಂತ ದಾವಾ ಹಾಕ್ಯಾರ. ತೀರ್ಪು ಬರೋತನ ಇಲ್ಲಿ ಯಾರನ್ನೂ ಮಣ್ಣು ಮಾಡಂಗಿಲ್ಲ.”

“ಕುಣಿ ತೋಡಿ ಮುಗಿಸೀನಲ್ರೀ!” ಒಳಗಿನಿಂದ ಸಲಿಕೆ ಹಿಡಿದ ರಾಮಣ್ಣ ಕೂಗಿದ. “ಮುಂಜಾನೆ ಯಾರೂ ಬ್ಯಾಡ ಅನ್ಲಿಲ್ಲ!”

ಮೌನೇಶ ಟೋಪಿ ತೆಗೆದ. ಐವತ್ತು ದಾಟಿದ ಮನುಷ್ಯ, ತಲೆಯೆಲ್ಲ ಬೆವರು. “ನಾ ಹುಟ್ಟಿದ್ದೂ ಈ ವಿಮಲಾಬಾಯಿ ಅಕ್ಕೋರ ಕೈಯಾಗೇ ರೀ. ನಮ್ಮವ್ವ ಈಗೂ ಹೇಳ್ತಾಳ. ಖರೆ ಏನ್ ಮಾಡ್ಲಿ?”

*

ಮಿಷನ್ ದವಾಖಾನೆಯ ಸೂಲಗಿತ್ತಿ ನರ್ಸ್ ಆಗಿ ವಿಮಲಾಬಾಯಿ ಕಮಲಾಪುರಕ್ಕೆ ಬಂದಾಗ ಅವಳಿಗೆ ಇಪ್ಪತ್ತೈದು. ಗಂಡ ಬೇಗ ಹೋದ. ಕರುಣಾ ಎಂಬ ಮಗಳೊಬ್ಬಳು ಉಳಿದಳು. ಮಗಳಿಗೆ ಐದು ವರ್ಷವಿದ್ದಾಗ ಒಂದು ಬೆಳಿಗ್ಗೆ ಮೈ ಸ್ವಲ್ಪ ಬಿಸಿಯಿತ್ತು. ಅಷ್ಟರಲ್ಲಿ ಮೂರು ಹರದಾರಿ ದೂರದ ಹಳ್ಳಿಯಿಂದ ಬಂಡಿ ಬಂತು: ಕೂಸು ಅಡ್ಡ ತಿರುಗಿದೆ, ತಾಯಿ ಉಳಿಯುವಂತಿಲ್ಲ. ಕರುಣಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದಳು. ಅಲ್ಲಿ ತಾಯಿಯೂ ಉಳಿದಳು, ಕೂಸೂ ಉಳಿಯಿತು. ಮರುದಿನ ಮಧ್ಯಾಹ್ನ ವಿಮಲಾಬಾಯಿ ತಿರುಗಿ ಬಂದಾಗ ಮಗಳನ್ನು ಚಾಪೆಯ ಮೇಲೆ ಮಲಗಿಸಿ, ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು.

ಆಮೇಲೆಯೂ ಹತ್ತು ವರ್ಷ ಬಂಡಿ ಬಂದ ಕಡೆಗೆಲ್ಲ ಹೋದಳು. ಒಲ್ಲೆ ಎಂದದ್ದಿಲ್ಲ. ಆಮೇಲೆ ಸಿಟಿಗೆ ಬಂದು ನೆಲೆಸಿದಳು.

ಇದನ್ನೆಲ್ಲ ಅವಳು ಅಕ್ಬರಿಗೆ ಹೇಳಿದ್ದು ಒಂದೇ ಸಲ, ಈ ಏಪ್ರಿಲ್‌ನಲ್ಲಿ, ಸಿಟಿಯ ಖೂಬಾ ಪ್ಲಾಟ್‌ ಬಡಾವಣೆಯ ತನ್ನ ಒಂದು ಕೋಣೆಯ ಮನೆಯ ಹಾಸಿಗೆಯಲ್ಲಿ. ಗಂಡ ಬಿಟ್ಟುಹೋಗಿ, ಎರಡು ಮಕ್ಕಳೊಡನೆ ದಿಕ್ಕು ತೋಚದೆ ನಿಂತಿದ್ದ ಅಕ್ಬರಿಯನ್ನು ಚರ್ಚಿನ ಹೊಲಿಗೆ ಕ್ಲಾಸಿಗೆ ಕರೆದೊಯ್ದು ಮಷೀನಿನ ಮುಂದೆ ಕೂರಿಸಿದವಳು ಅವಳೇ. ಮೂವತ್ತೆಂಟು ವರ್ಷದ ಒಡನಾಟ. ಶನಿವಾರ ಚರ್ಚಿನ ಕಸ ಗುಡಿಸುವುದು, ಆಸ್ಪತ್ರೆಯಲ್ಲಿ ಯಾರೂ ಇಲ್ಲದ ರೋಗಿಗಳಿಗೆ ಗಂಜಿ ಒಯ್ಯುವುದು, ಇವನ್ನೆಲ್ಲ ವಿಮಲಾಬಾಯಿಯ ಕಾಲಲ್ಲಿ ಶಕ್ತಿ ಇರುವವರೆಗೂ ಇಬ್ಬರೂ ಕೂಡಿ ಮಾಡಿದರು.

“ಅವತ್ತು ಅದರ ಬಾಜೂಕ ನಾ ಇರಲಿಲ್ಲ ಅಕ್ಬರಿ,” ಎಂದಿದ್ದಳು. “ಈಗರೆ ಕಮಲಾಪುರದಾಗ ಅದರ ಕುಣಿ ಬಾಜೂಕೇ ನನ್ನ ಇಡ್ರಿ. ವಿವೇಕಗ ಗಡಬಡ್ಯಾಗ ನೆನಪಿರಲ್ಲ. ನೀ ನಿಂತು ಮಾಡಸು.”

“ಖುದಾನ ಆಣಿ, ಅಕ್ಕೋರೆ. ಅಲ್ಲೇ ಇಡಸ್ತೀನಿ.”

*

ಎರಡು ತಾಸು ಫೋನಿನ ಮೇಲೆ ಫೋನು ನಡೆದವು. ಮೇ ತಿಂಗಳ ಬಿಸಿಲಿಗೆ ವ್ಯಾನಿನ ತಗಡು ಸುಡುತ್ತಿತ್ತು. ಪೆಟ್ಟಿಗೆಯೊಳಗಿನ ಮಂಜುಗಡ್ಡೆ ಕರಗಿ, ನೀರು ಅಕ್ಬರಿಯ ಚಪ್ಪಲಿಯ ಕೆಳಗೆ ಹರಿಯತೊಡಗಿತು.

ಪಾದ್ರಿಗಳು ಬಾಗಿಲ ಬಳಿ ಬಂದರು. “ವಕೀಲರು ಸೋಮವಾರ ನೋಡೂಣು ಅಂತಾರ. ಇವತ್ತು ಶುಕ್ರವಾರ. ಇಟ್ಕೊಂಡು ಕೂಡ್ಲಿಕ್ಕ ಆಗಲ್ಲ. ನಾಲ್ಕಕ್ಕ ಸಿಟಿ ಸ್ಮಶಾನದಾಗ ಕುಣಿ ತಯಾರಿರ್ತದ.”

ವಿವೇಕಾನಂದ ಅಕ್ಬರಿಯ ಮುಖ ನೋಡಿದ. “ಚಾಚಿ, ನೀವೇನಂತೀರಿ?”

ಅವಳು ಮೊಣಕಾಲು ಹಿಡಿದುಕೊಂಡು ಇಳಿದು, ನೆಟ್ಟಗೆ ಮೌನೇಶನ ಹತ್ತಿರ ಹೋದಳು. “ಬೇಟಾ, ಒಂದು ಗಂಟೆ ನೀ ಚಾ ಕುಡದು ಬಾ. ಅಷ್ಟೇ. ನಾ ಮಾತು ಕೊಟ್ಟೀನಿ.”

“ಅಮ್ಮಾ, ಚಾ ಕುಡ್ಯಾಕ ಹೋಗ್ತೀನಿ. ನೌಕರಿ ಹೋದ್ರೂ ಹೋಗಲಿ.” ಅವನ ದನಿ ಕುಗ್ಗಿತು. “ಆದ್ರ ನಾಳಿ ಅವರು ಹುಕುಂ ತಂದು ತೆಗೀರಿ ಅಂದ್ರ? ಹೂಳಿದ ಅಕ್ಕೋರನ್ನ ಮ್ಯಾಲ ಎತ್ತೋದು ನೋಡ್ತೀರೇನು?”

ಬೈಯಲು ಒಬ್ಬ ಕೆಟ್ಟವನಾದರೂ ಎದುರಿಗಿದ್ದಿದ್ದರೆ ಎಂದು ಅಕ್ಬರಿಗೆ ಅನ್ನಿಸಿತು.

ಸೆರಗನ್ನು ಹಲ್ಲಿನಲ್ಲಿ ಕಚ್ಚಿ ವ್ಯಾನು ಹತ್ತಿದಳು. ಪೆಟ್ಟಿಗೆಯ ಮೇಲೆ ಅಂಗೈ ಊರಿದಳು. “ಮಾಫ್ ಮಾಡ್ರಿ ಅಕ್ಕೋರೆ,” ಎಂದಳು. ಡ್ರೈವರ್ ಕೇಳಿಸಿಕೊಂಡರೂ ಕೇಳದವನಂತೆ ಗಾಡಿ ತಿರುಗಿಸಿದ.

ಹಿಂದಿನ ಗಾಜಿನಲ್ಲಿ ಸ್ಮಶಾನ ಕಾಣುತ್ತಿತ್ತು. ಬೆಳಿಗ್ಗೆಯಿಂದ ಬೇವಿನ ಗಿಡದ ಕೆಳಗೆ ಕಾದು ಕೂತಿದ್ದ ಊರ ಹೆಂಗಸರು ಎದ್ದು ನಿಂತಿದ್ದರು. ಅವರಲ್ಲಿ ಕುಂಕುಮದವರಿದ್ದರು, ಬುರ್ಖಾದವರಿದ್ದರು. ಸಿಟಿಯವರೆಗೆ ಬರಲಾಗದ ಮುದುಕಿಯರೇ ಹೆಚ್ಚು. ಆಡು ಕುರಿ ಬಿದ್ದಾವೆಂದು ರಾಮಣ್ಣ ಕುಣಿಯನ್ನು ಮುಚ್ಚಲು ಸಲಿಕೆ ಎತ್ತಿದ್ದ. ಒಬ್ಬ ಮುದುಕಿ ಅವನ ಕೈ ತಡೆದಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಖಾಲಿ ಕುಣಿಯೊಳಗೆ ಬಿಟ್ಟಳು. ಅವಳ ಹಿಂದೆ ಇನ್ನೊಬ್ಬಳು ಬಗ್ಗಿದಳು. ಅವಳ ಹಿಂದೆ ಸಾಲು ನಿಂತಿತು.