ಮಗಳಿದ್ದಂಗೆ

"ಆ ಮನೇಲಿ ಯಾರೂ ಇಲ್ವಂತಲ್ಲ ಮೇಡಂ," ಎಂದ ಬ್ಯಾಂಕಿನ ತಿರುಮಲೇಶ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

ಚಿಕೊಂಡಿಗೆ ನಗು ಬಂತು. ಬೆಳಿಗ್ಗೆ ತಾನೇ ಆ ಮನೆಯ ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಪ್ಪಿಟ್ಟು ತಿಂದು ಬಂದವಳು ಅವಳು. "ಯಾರೂ ಇಲ್ಲ ಅಂದ್ರೆ? ನಾನ್ ಇವ್ನಲ್ಲ ಸಾರ್!" ಎಂದಳು.

ಜೆ.ಪಿ. ನಗರದ ಆ ಶಾಖೆಯಲ್ಲಿ ಟೋಕನ್ ಹಿಡಿದು ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನೋಡದೆ ಇರುತ್ತಾರೆಯೇ? ಆಫ್ರಿಕಾದ ಮಲಾವಿಯಿಂದ ಬಂದ ಹುಡುಗಿ, ತಲೆ ತುಂಬ ಎಳೆ ಎಳೆಯಾಗಿ ಹೆಣೆದ ಜಡೆಗಳು, ಬಾಯಿ ತೆರೆದರೆ ಗೊಟ್ಟಿಗೆರೆಯ ಹಳೇ ಊರಿನ ಮಾತು. 'ಇದ್ದೀನಿ' ಎನ್ನುವುದು ಪೇಟೆಯವರ ಕನ್ನಡ, 'ಇವ್ನಿ' ಎನ್ನುವುದು ಹಳೇ ಊರಿನದು. ಅವಳಿಗೆ ಕನ್ನಡ ಕಲಿಸಿದ್ದು ಮನೆ ಓನರ್ ಅಂಜನಮ್ಮ. ಅವರ ಬಾಯಲ್ಲಿ ಇದ್ದದ್ದೇ ಇವಳ ಬಾಯಿಗೂ ಬಂದಿತ್ತು.

"ನೀವು ಇದೀರ, ಸರಿ. ಆದ್ರೆ ನಮ್ಮ ವೆರಿಫಿಕೇಶನ್‌ನವರು ನಿನ್ನೆ ಗುರುವಾರ ಹೋಗಿದ್ರು. ಮೇಲ್ಗಡೆ ಮನೆ ಖಾಲಿ ಇದೆ ಅಂತ ಓನರ್ರೇ ಹೇಳಿದ್ದಾರೆ. ಅಡ್ರೆಸ್ ನೆಗೆಟಿವ್ ಬಂದ್ರೆ ಫಾರಿನರ್‌ಗೆ ಅಕೌಂಟ್ ಮಾಡೋಕಾಗಲ್ಲ ಮೇಡಂ. ಸಿಸ್ಟಮ್ಮೇ ತಗೊಳ್ಳಲ್ಲ."

ಗುರುವಾರ ಎಂದ ಕೂಡಲೆ ಚಿಕೊಂಡಿಗೆ ಎಲ್ಲ ಹೊಳೆಯಿತು. ಈ ಸಲ ಅವಳು ನಗಲಿಲ್ಲ, ಹಣೆ ಚಚ್ಚಿಕೊಂಡಳು.

ನರ್ಸಿಂಗ್ ಎಂ.ಎಸ್ಸಿ. ಓದಲು ಬಂದ ಹುಡುಗಿಗೆ ಈ ಊರಲ್ಲಿ ಒಂದು ಬ್ಯಾಂಕು ಹುಡುಕಿಕೊಳ್ಳುವಷ್ಟರಲ್ಲಿ ಸಾಕುಸಾಕಾಗಿ ಹೋಗಿತ್ತು. ಮೊದಲ ವರ್ಷವನ್ನು ಹೇಗೋ ಅಪ್ಪ ದೂಡಿದ್ದ, ಇನ್ನು ಅವನ ಕೈಲಾಗುವುದಿಲ್ಲ. ಪುಣ್ಯಕ್ಕೆ ಸ್ಕಾಲರ್‌ಶಿಪ್ ಸಿಕ್ಕಿತ್ತು. ಆದರೆ ಅದು ಬೀಳುವುದು ಇಲ್ಲಿನ ಬ್ಯಾಂಕ್ ಖಾತೆಗೆ ಮಾತ್ರ. ಸೋಮವಾರದೊಳಗೆ ಖಾತೆ ನಂಬರು ಕೊಡದಿದ್ದರೆ ಸ್ಕಾಲರ್‌ಶಿಪ್ಪು ಇನ್ನೊಬ್ಬರಿಗೆ ಹೋಗುತ್ತದೆ, ಇವಳು ವಾಪಸ್ಸು ಮಲಾವಿಗೆ ಹೋಗುತ್ತಾಳೆ. ಅಷ್ಟೇ ವಿಷಯ.

ಕಾಲೇಜಿನ ಪಕ್ಕದ ಬ್ಯಾಂಕಿನವರು ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹೆಡ್ ಆಫೀಸಿಗೆ ಕೇಳಬೇಕು ಎಂದು ಕೈ ತೊಳೆದುಕೊಂಡಿದ್ದರು. ಜಯನಗರದ ಗಾಜಿನ ಬಾಗಿಲಿನ ಬ್ಯಾಂಕಿನಲ್ಲಿ ಸುರಭಿ ಎಂಬ ಹುಡುಗಿ ಸೋಫಾದಲ್ಲಿ ಕೂರಿಸಿ, ನೀರು ಕೊಟ್ಟು, "ಕಾಲೇಜಿಂದ ಒಂದು ಲೆಟರ್ ಇದ್ರೆ ಸಾಕು, ಮನೆಗೆಲ್ಲ ಬರಲ್ಲ. ಎರಡು ವಾರ ಟೈಮ್ ಕೊಡಿ, ಆಗುತ್ತೆ" ಎಂದಿದ್ದಳು. ಚಿಕೊಂಡಿ ಅಲ್ಲೇ ಮಾಡಿಸುವುದೆಂದು ತೀರ್ಮಾನ ಮಾಡಿಯೂ ಆಗಿತ್ತು. ತಪ್ಪಿಸಿದ್ದು ಅಂಜನಮ್ಮ.

"ಬ್ಯಾಂಕ್ ಹುಡ್ಕೋದು ಅಂದ್ರೆ ಗಂಡ್ ಹುಡ್ಕುದಂಗೆ ಕಣೇ. ಥಳಕು ಬಳಕು ನೋಡಿ ಮರುಳಾಗ್‌ಬಾರ್ದು. ಆ ಗಾಜಿನ್ ಬಾಗ್ಲೋರು ಇವತ್ತು ನೀರ್ ಕೊಡ್ತಾರೆ, ನಾಳೆ ನೀನ್ಯಾರು ಅಂತಾರೆ. ನಮ್ ಬ್ಯಾಂಕ್ ಐತಲ್ಲ! ಸೊಪ್ ಮಾರ್ತಿದ್ ಕಾಲ್ದಿಂದ್ಲೂ ನಾನು ಅದ್ರಲ್ಲೇ ಇವ್ನಿ. ನಾನ್ ಒಂದ್ ಮಾತ್ ಹೇಳುದ್ರೆ ಮುಗೀತು, ಕಣ್ಮುಚ್ಚಿ ಮಾಡ್ಕೊಡ್ತಾರೆ."

ಆಮೇಲೆ ಸುರಭಿ ಎರಡು ಸಲ ಫೋನ್ ಮಾಡಿದಳು. ಬೇಡ, ನಮ್ಮ ಅಮ್ಮನ ಬ್ಯಾಂಕಲ್ಲೇ ಮಾಡಿಸ್ತೀನಿ ಎಂದು ಚಿಕೊಂಡಿ ಜಂಬದಿಂದಲೇ ಹೇಳಿದ್ದಳು. ಈ ದೂರದ ಊರಲ್ಲಿ ತನ್ನ ಪರವಾಗಿ ಒಂದು ಮಾತು ಹೇಳುವವರು ಇದ್ದಾರೆ ಎನ್ನುವ ಜಂಬ ಅದು. ಯಾರಿಗಾದರೂ ಬಂದೇ ಬರುತ್ತದೆ.

ಬರದೆ ಏನು? ಹಾಸ್ಟೆಲ್ ಬಿಟ್ಟು ಈ ಮನೆಯ ಮೇಲಿನ ರೂಮಿಗೆ ಬಂದ ದಿನವೇ ಅಂಜನಮ್ಮ ಅವಳ ಹೆಸರು ಕೇಳಿ ಬೆಚ್ಚಿಬಿದ್ದಿದ್ದರು. "ಕೊಂಡಿ ಇರೋದು ಚೇಳಿಗೆ ಕಣವ್ವ, ಹೆಣ್ಮಕ್ಳಿಗಲ್ಲ. ನೀನು ಚಿಕ್ಕಿ" ಎಂದು ಅಲ್ಲೇ ನಾಮಕರಣ ಮಾಡಿ, ಒಳಗೆ ಕರೆದು ಮುದ್ದೆ ಬಡಿಸಿದರು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಉಂಡು ಬೆಳೆದ ಹುಡುಗಿ ಅವಳು. ರಾಗಿ ಮುದ್ದೆಯನ್ನು ಮುರಿದು, ಬೆರಳಲ್ಲಿ ಉರುಟು ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಿದ್ದನ್ನು ನೋಡಿ ಅಂಜನಮ್ಮನಿಗೆ ಸ್ವರ್ಗ ಮೂರೇ ಗೇಣು. ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದು ತೋರಿಸಿದ್ದರು. ಅವತ್ತಿನಿಂದ ಬೀದಿಗೆಲ್ಲ ಒಂದೇ ಮಾತು: "ನಮ್ ಚಿಕ್ಕಿ ನಂಗೆ ಮಗಳಿದ್ದಂಗೆ."

ಆ ಬೀದಿಯಲ್ಲಿ ಒಂದು ಪದ್ಧತಿ ಉಂಟು. ಹೊಲಗಳೆಲ್ಲ ಸೈಟುಗಳಾದ ಮೇಲೆ ಹಳೇ ರೈತರು ಮನೆ ಮೇಲೆ ಮನೆ ಕಟ್ಟಿ ಬಾಡಿಗೆಗೆ ಬಿಟ್ಟರು. ಆದರೆ ಕಂದಾಯ ಕಟ್ಟುವಾಗ ಮಾತ್ರ ಇಡೀ ಮನೆ 'ಸ್ವಂತ ವಾಸ'. ಬಾಡಿಗೆಯೆಂದು ಬರೆಸಿದರೆ ತೆರಿಗೆ ಏರುತ್ತದೆ, ಯಾವನು ಬರೆಸುತ್ತಾನೆ? ಹಾಗಾಗಿ ಹೆಗಲಿಗೆ ಬ್ಯಾಗು ಹಾಕಿಕೊಂಡು ಯಾವನೇ ಗೇಟಿನ ಮುಂದೆ ನಿಲ್ಲಲಿ, ಅಂಜನಮ್ಮ ಮೊದಲು ಜೋರಾಗಿ ಕೆಮ್ಮುತ್ತಾರೆ. ಕೆಮ್ಮು ಕೇಳಿದರೆ ಮೇಲಿನವರು ಬಾಗಿಲು ಹಾಕಿ, ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ಕೂರಬೇಕು. ಬ್ಯಾಗಿನವನು ಅತ್ತ ಹೋದ ಮೇಲೆ ಎಲ್ಲರೂ ಸೇರಿ ನಕ್ಕು ಕಾಫಿ ಕುಡಿಯುವುದು.

ಗುರುವಾರವೂ ಹಾಗೇ ಆಗಿತ್ತು. ಕೆಳಗೆ ಕೆಮ್ಮು, ಮೇಲೆ ಚಿಲಕ. "ಮೇಲ್ಗಡೆ ಯಾರೂ ಇಲ್ಲ ಕಣಪ್ಪ, ಖಾಲಿ" ಎಂದು ಅಂಜನಮ್ಮ ಹೇಳುವುದು ಕೇಳುತ್ತಿತ್ತು. ಚಿಕೊಂಡಿ ಮಂಚದ ಮೇಲೆ ಕೂತು, ನಗು ಹೊರಗೆ ಬಾರದಂತೆ ದಿಂಬಿಗೆ ಮುಖ ಒತ್ತಿಕೊಂಡಿದ್ದಳು. ಅವನು ಬಂದದ್ದು ತನ್ನನ್ನೇ ಹುಡುಕಿಕೊಂಡು ಎಂದು ಆಗ ಅವಳಿಗೆ ಗೊತ್ತಿರಲಿಲ್ಲ. ಅಂಜನಮ್ಮನಿಗೂ ಗೊತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು.

ಈ ಕಥೆಯನ್ನೆಲ್ಲ ತಿರುಮಲೇಶನ ಮುಂದೆ ಬಿಚ್ಚಿದ್ದರೆ ಕೆಲಸ ಅಲ್ಲೇ ಆಗುತ್ತಿತ್ತೇನೋ. ಚಿಕೊಂಡಿ ಬಿಚ್ಚಲಿಲ್ಲ. ಉಂಡ ಮನೆಯ ಗುಟ್ಟು ಬ್ಯಾಂಕಿನಲ್ಲಿ ಆಡುವಷ್ಟು ನಿಯತ್ತುಗೆಟ್ಟವಳಲ್ಲ. "ಅಮ್ಮಂಗೆ ಸರ್ಯಾಗಿ ಕೇಳ್ಸಿಲ್ಲ ಸಾರ್" ಎಂದಳು.

"ಹಂಗಾದ್ರೆ ತಲೆ ಕೆಡಿಸ್ಕೋಬೇಡಿ. ಅವರನ್ನ ಇಲ್ಲಿಗೇ ಕರ್ಕೊಂಡ್ ಬನ್ನಿ. ಈ ಹುಡುಗಿ ನಮ್ಮ ಮನೇಲಿ ಬಾಡಿಗೆಗಿದ್ದಾಳೆ ಅಂತ ನನ್ನೆದುರಿಗೆ ಒಂದ್ ಮಾತು ಹೇಳ್ಲಿ, ಇವತ್ತೇ ಅಕೌಂಟ್ ಓಪನ್ ಮಾಡ್ಕೊಡ್ತೀನಿ. ನಾಳೆ ಸೆಕೆಂಡ್ ಸ್ಯಾಟರ್ಡೇ ಬೇರೆ. ನಾಲ್ಕರೊಳಗೆ ಬಂದ್ಬಿಡಿ."

ವಿಷಯ ಕೇಳಿ ಅಂಜನಮ್ಮ ಕೈಲಿದ್ದ ಅವರೆಕಾಯಿ ಮೊರ ಪಕ್ಕಕ್ಕಿಟ್ಟು ಬಾಯಿ ಬಾಯಿ ಬಡಿದುಕೊಂಡರು. "ಅಯ್ಯೋ ನನ್ ಬಾಯಿಗ್ ಮಣ್ ಹಾಕ! ಅವ್ನು ಬ್ಯಾಂಕಿನೋನಾ? ಕಂದಾಯ್ದೋನು ಅನ್ಕಂಡ್ನಲ್ಲೇ! ಬ್ಯಾಂಕಿಂದ ಬಂದಿವ್ನಿ ಅಂತ ಬೊಗಳ್‌ಬಾರ್ದಾ ಅವ್ನು? ಇರು, ಸೀರೆ ಬದ್ಲಾಯಿಸ್ಕಂಡ್ ಬತ್ತೀನಿ. ಅದ್ಯಾವನು ಖಾತೆ ಮಾಡ್ಕೊಡಲ್ಲ ಅಂತಾನೋ ನಾನೂ ನೋಡೇ ಬುಡ್ತೀನಿ."

ಚಿಕೊಂಡಿ ಜಗಲಿಯಲ್ಲಿ ಕಾದಳು. ಒಳಗೆ ಅಂಜನಮ್ಮನ ಗಂಡ ಚಿಕ್ಕಬೈರಪ್ಪ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದರು. ಪೂರ್ತಿ ಕೇಳಲಿಲ್ಲ. "ಆಧಾರು, ಪ್ಯಾನು, ಮನೆ ಖಾತೆ, ಎಲ್ಲಾನೂ ಒಂದಕ್ಕೊಂದ್ ಗಂಟ್ ಹಾಕವ್ರೆ. ಬಾಡಿಗೆ ಅಂತ ಅಲ್ ಬಾಯ್ ಬುಟ್ರೆ..." ಎಂಬಷ್ಟು ಕೇಳಿತು.

"ನಂಗೊತ್ತು ಸುಮ್ಕಿರಿ. ನಾನ್ ನೋಡ್ಕತೀನಿ," ಎಂದರು ಅಂಜನಮ್ಮ.

ಆ ಮಾತು ಕೇಳಿ ಚಿಕೊಂಡಿಯ ಕಣ್ಣು ತುಂಬಿತು. ಗಂಡನಿಗೇ ಎದುರು ನಿಂತರಲ್ಲ ಎಂದುಕೊಂಡಳು.

ಆಟೋದಲ್ಲಿ ಹೋದರು. ದಾರಿಯುದ್ದಕ್ಕೂ ಅಂಜನಮ್ಮ ಅವಳ ಕೈ ಹಿಡಿದೇ ಕೂತಿದ್ದರು. ಬ್ಯಾಂಕಿನಲ್ಲಿ ತಿರುಮಲೇಶ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. "ಬನ್ನಿ ಅಂಜನಮ್ಮ, ಎಷ್ಟ್ ದಿನ ಆಯ್ತು ನೋಡಿ! ಊಟ ಆಯ್ತಾ? ಏನಿಲ್ಲ, ಒಂದೇ ಪ್ರಶ್ನೆ. ಈ ಹುಡುಗಿ ನಿಮ್ಮ ಮನೇಲಿ ಬಾಡಿಗೆಗಿದ್ದಾರಾ?"

"ಇವ್ಳಾ? ಇವ್ಳು ನಮ್ಮನೆ ಮಗಳಿದ್ದಂಗೆ ಸಾರ್," ಎಂದರು ಅಂಜನಮ್ಮ, ಚಿಕೊಂಡಿಯ ಬೆನ್ನು ಸವರುತ್ತ.

"ಅದು ಸರಿ. ಬಾಡಿಗೆಗಿದ್ದಾರಲ್ಲ?"

"ಮಗಳು ಅಂದ್‌ಮ್ಯಾಲೆ ಬಾಡಿಗೆ ಎಲ್ಲಿಂದ್ ಬತ್ತದೆ ಸಾರ್? ನಮ್ದು ಸ್ವಂತ ವಾಸ. ನಾವು ಯಾರ್ಗೂ ಬಾಡಿಗೆಗೆ ಕೊಟ್ಟಿಲ್ಲ."

ತಿರುಮಲೇಶನ ಬೆರಳು ಕೀಬೋರ್ಡಿನ ಮೇಲೆ ನಿಂತಿತು. "ಬಾಡಿಗೆ ಬಿಡಿ. ಇವರು ಇರೋದು ನಿಮ್ಮ ಮನೇಲೇ ತಾನೇ? ಅಷ್ಟಾದ್ರೂ ಹೇಳಿ."

ಚಿಕೊಂಡಿ ಅಂಜನಮ್ಮನ ಮುಖವನ್ನೇ ನೋಡಿದಳು. ಅಂಜನಮ್ಮ ಅವಳತ್ತ ತಿರುಗಲಿಲ್ಲ. ಗೋಡೆಯ ಮೇಲೆ ಟೋಕನ್ ನಂಬರು ಬದಲಾಗುವುದನ್ನು ನೋಡುತ್ತಿದ್ದರು.

"ಬತ್ತಾಳೆ, ಹೋಗ್ತಾಳೆ," ಎಂದರು. "ಊಟದ್ ಹೊತ್ಗೆ ಬಂದ್ರೆ ಉಣ್ಣಾಕಿಕ್ತೀನಿ. ಪಾಪ, ಅಪ್ಪ ಅವ್ವ ಇಲ್ದಿರೋ ಊರು."

"ಅಮ್ಮ," ಎಂದಳು ಚಿಕೊಂಡಿ. "ಹೇಳಿ ಅಮ್ಮ. ನಾನ್ ರಾತ್ರಿ ಎಲ್ ಮಲ್ಗೋದು?"

"ಅದ್ ನಂಗೆಂಗ್ ಗೊತ್ತಾಯ್ತದೆ ಕಣವ್ವ," ಎಂದರು ಅಂಜನಮ್ಮ. ದನಿಯಲ್ಲಿ ಅದೇ ಅಕ್ಕರೆ, ಒಂದು ಚೂರೂ ಕಮ್ಮಿ ಇಲ್ಲ. ಇವಳ ಕೈ ಇನ್ನೂ ಅವರ ಕೈಯಲ್ಲೇ ಇತ್ತು.

ತಿರುಮಲೇಶ ಇಬ್ಬರನ್ನೂ ನೋಡಿದ. ಅವನಿಗೆ ಅರ್ಥವಾಗಲಿಲ್ಲ ಎನ್ನುವಂತಿರಲಿಲ್ಲ, ಅವನೂ ಈ ಊರಿನವನೇ. ಆದರೆ ಮಾತು ಅವನ ಮುಂದೆ ಆಡಿಯಾಗಿತ್ತು. ಚಿಕೊಂಡಿಯ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಅವಳಿಗೆ ವಾಪಸ್ಸು ಕೊಟ್ಟು, "ಸಾರಿ ಮೇಡಂ. ನನ್ ಕೈಲಿ ಏನೂ ಇಲ್ಲ" ಎಂದ.

ಹೊರಗೆ ಬಂದಾಗ ಬಿಸಿಲು ರಾಚುತ್ತಿತ್ತು. ಸುರಭಿಯ ಬ್ಯಾಂಕಿಗೆ ಈಗ ಓಡಿದರೂ ಎರಡು ವಾರ ಬೇಕು, ಇರುವುದು ಸೋಮವಾರದವರೆಗೆ. ಬೇರೆ ಯಾರಾದರೂ ಮೋಸ ಮಾಡಿದ್ದರೆ ಬೈದು, ಉಗಿದು ಹೋಗಬಹುದಿತ್ತು. ಬೈಯಲು ಚಿಕೊಂಡಿಗೆ ಬರುತ್ತಿದ್ದ ಕನ್ನಡವೂ ಇವರೇ ಕಲಿಸಿದ್ದು.

"ನಾನ್ ಇಲ್ಲ ಅಂದ್ರಲ್ಲ ಅಮ್ಮ," ಎಂದಳು. "ನನ್ ಕೈ ಹಿಡ್ಕಂಡೇ ಇಲ್ಲ ಅಂದ್ರಲ್ಲ."

"ಎಲ್ಲಂದೆ? ಮಗಳು ಅಂದೆ!" ಅಂಜನಮ್ಮನಿಗೆ ನಿಜವಾಗಿಯೂ ನೋವಾಗಿತ್ತು. "ಅಷ್ಟ್ ಜನದ್ ಮುಂದೆ ಮಗಳು ಅಂದೆ. ಬಾಡಿಗೆಯವ್ಳು ಅನ್ನೋದ್ ದೊಡ್ದಾ, ಮಗಳು ಅನ್ನೋದ್ ದೊಡ್ದಾ? ನೀನೇ ಹೇಳು."

"ನಂಗೆ ಬಾಡಿಗೆಯವ್ಳು ಅಂದಿದ್ರೆ ಸಾಕಾಗಿತ್ತು. ಅದೊಂದೇ ನಾನ್ ಕೇಳಿದ್ದು."

"ಬಾಡಿಗೆ ಅಂದ್‌ಬುಟ್ರೆ ನಮ್ ಯಜಮಾನ್ರು ಮನೆ ಬಿಟ್ಟು ಓಡುಸ್ತಾರೆ ಕಣೇ ನನ್ನ. ನಿಂಗೇನ್ ಗೊತ್ತು?" ಎಂದ ಅಂಜನಮ್ಮ ಮರುಕ್ಷಣವೇ ಸಮಾಧಾನದ ದನಿ ತೆಗೆದರು. "ಹೋಗ್ಲಿ ಬುಡು. ಒಂದ್ ಬ್ಯಾಂಕ್ ಹೋದ್ರೆ ಇನ್ನೊಂದ್ ಬ್ಯಾಂಕು. ಊರಲ್ಲಿ ಬ್ಯಾಂಕಿಗೇನ್ ಬರಾನಾ? ನಡಿ, ಬಸ್ ಬಂತು. ಮನ್ಗೋಗಿ ಮಾತಾಡಾನ."

ಬನ್ನೇರುಘಟ್ಟ ರಸ್ತೆಯ ಬಸ್ಸು ಬಂದು ನಿಂತಿತು. ಅಂಜನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನರನ್ನು ಸರಿಸಿ ಹತ್ತಿ, ಇಬ್ಬರು ಕೂರುವ ಸೀಟು ಹಿಡಿದೇ ಬಿಟ್ಟರು. ತಾವು ಕಿಟಕಿಯ ಪಕ್ಕಕ್ಕೆ ಸರಿದು, ಪಕ್ಕದ ಖಾಲಿ ಜಾಗದ ಮೇಲೆ ಅಂಗೈ ಊರಿ ಕೂತರು.

ಚಿಕೊಂಡಿ ಪಾಸ್‌ಪೋರ್ಟನ್ನು ಎದೆಗೆ ಅವುಚಿಕೊಂಡು ಫುಟ್‌ಪಾತಿನಲ್ಲೇ ನಿಂತಿದ್ದಳು. ಬಸ್ಸಿನೊಳಗೆ ಒಬ್ಬ ಹೆಂಗಸು ಚೀಲ ಹೊತ್ತುಕೊಂಡು ಆ ಸೀಟಿಗೆ ಬಂದಳು. ಅಂಜನಮ್ಮ ಕೈ ತೆಗೆಯಲಿಲ್ಲ.

"ಇಲ್ ಕೂರ್ಬ್ಯಾಡ ಕಣವ್ವ," ಎಂದರು, ಬಸ್ಸಿಗೆಲ್ಲ ಕೇಳುವಂತೆ. "ನಮ್ ಹುಡ್ಗಿ ಬತ್ತಾವ್ಳೆ."

ಬಾಗಿಲು ಮುಚ್ಚಿಕೊಂಡಿತು. ಬಸ್ಸು ಹೊರಟಿತು. ಅಂಜನಮ್ಮ ಕಿಟಕಿಯಿಂದ ಕತ್ತು ಹೊರಳಿಸಿ ಹಿಂದಕ್ಕೇ ನೋಡುತ್ತಿದ್ದರು. ಚೀಲದ ಹೆಂಗಸು ಅವರ ಪಕ್ಕದಲ್ಲೇ, ಕಂಬಿ ಹಿಡಿದುಕೊಂಡು, ನಿಂತೇ ಇದ್ದಳು.