ಜೇಬಿನ ಬೆಲ್ಲ

ನಮ್ಮ ಯಜಮಾನರಿಗೆ ಬೆಲ್ಲ ಅಂದರೆ ಪ್ರಾಣ. ಅವರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಕಾವಲಿಗೆ ನಿಂತವಳು ನಾನು, ಗುರುಬಸಮ್ಮ. ಹನೂರಿನಿಂದ ಮೈಸೂರಿಗೆ, ಮಗಳ ಮನೆಗೆ ಹೊರಟ ಬೆಳಿಗ್ಗೆಯೂ ಅವರ ಅಂಗಿ ಜೇಬು ತಡಕಿದೆ. ಒಂದು ಅಚ್ಚು ಬೆಲ್ಲ ಸಿಕ್ಕಿತು.

"ದೂರ ಓಗುವಾಗ ಮಡಿಕಳ್ಳಿ ಅಂತ ಡಾಕ್ಟ್ರೇ ಏಳವ್ರೆ ಕಣೆ."

"ನನ್ ಕಿವಿಗೆ ಊವ ಮುಡಿಸ್ಬ್ಯಾಡಿ," ಎಂದು ಕಿತ್ತುಕೊಂಡು ಅಡುಗೆಮನೆಯ ಡಬ್ಬಕ್ಕೆ ಹಾಕಿದೆ.

ಸಕ್ಕರೆ ಇಳಿಸುವ ಇಂಜೆಕ್ಷನ್ ಆಗಿತ್ತು, ಲಿಂಗಪೂಜೆ ಆಗಿರಲಿಲ್ಲ. ಪೂಜೆಯಾಗದೆ ಅವರು ತೊಟ್ಟು ನೀರೂ ಮುಟ್ಟುವವರಲ್ಲ. "ಕೊಳ್ಳೇಗಾಲ್ದಲ್ಲಿ ಅಕ್ಕನ ಮನೇಲಿ ಮಾಡ್ಕಳಿ, ಬಸ್ ಓಯ್ತದೆ," ಎಂದು ಎಬ್ಬಿಸಿಕೊಂಡು ಬಂದವಳೂ ನಾನೇ.

ಮೂರು ಮೈಲಿ ದಾಟಿರಲಿಲ್ಲ, ಬಸ್ಸು ಹೊಗೆಯಾಡಿ ನಿಂತಿತು. ಡ್ರೈವರು ಇದ್ದ ನೀರನ್ನೆಲ್ಲ ಇಂಜಿನ್ನಿಗೆ ಸುರಿದ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ನಾನು ಇಳಿದೆ, ಹತ್ತಿದೆ, ಮತ್ತೆ ಇಳಿದೆ, ಡ್ರೈವರನ್ನು ಬೈದೆ. ತಿರುಗಿ ಬಂದು ನೋಡಿದರೆ ಯಜಮಾನರ ಅಂಗಿ ಬೆವರಿಗೆ ಒದ್ದೆ, ಕೈ ಗಡಗಡ ನಡುಗುತ್ತಿತ್ತು. ನನ್ನನ್ನೇ "ಅವ್ವಾ" ಎಂದು ಕರೆದರು. ಇಂಜೆಕ್ಷನ್ ಆಗಿ ಹೊಟ್ಟೆಗೇನೂ ಬೀಳದೆ ಮೈಯ ಸಕ್ಕರೆ ಇಳಿದುಹೋಗಿತ್ತು; ಬೆಲ್ಲ ಇಟ್ಟುಕೊಳ್ಳಿ ಅಂತ ಡಾಕ್ಟರು ಹೇಳಿದ್ದು ನಿಜವೇ ಆಗಿತ್ತು.

"ಯಾರತ್ರಾದ್ರೂ ಬೆಲ್ಲ ಅದಾ?" ಎಂದು ಕಿರುಚಿದೆ.

ಹಿಂದಿನ ಸೀಟಿನಲ್ಲಿದ್ದ ಶಾಗ್ಯ ಊರಿನ ಕೂಲಿ ಹೆಂಗಸು ದೊಡ್ಡಮಾದಮ್ಮ ಗಂಟು ಬಿಚ್ಚಿದಳು. "ತಕಳಿ ಅವ್ವಾ, ಮೊಮ್ಮಗೀಗೆ ಅಂತ ಮಡಗಿದ್ದೆ."

ಬಾಯಿಗಿಟ್ಟರೆ ಅವರು ಹಲ್ಲು ಕಚ್ಚಿಕೊಂಡರು. "ಪೂಜೆ... ಆಗ್ನಿಲ್ಲ."

ಬಸ್ಸಿನಲ್ಲಿ ಉಳಿದಿದ್ದ ನೀರೆಂದರೆ, ಇಂಜೆಕ್ಷನ್ ಸೀಸೆ ತಣ್ಣಗಿರಲೆಂದು ಅದನ್ನು ಇಳಿಬಿಟ್ಟಿದ್ದ ನಮ್ಮ ಮಣ್ಣಿನ ಕೂಜದ್ದು. ಸೀಸೆ ಬಿಸಿಯಾದರೆ ಔಷಧಿ ಕೆಟ್ಟೀತು. ಕೆಡಲಿ! ಅವರ ಎದೆಯ ಕರಡಿಗೆ ಬಿಚ್ಚಿ, ಲಿಂಗವನ್ನು ಅವರದೇ ಎಡ ಅಂಗೈಯಲ್ಲಿಟ್ಟು, ಆ ನೀರು ಹೊಯ್ದೆ. ವಿಭೂತಿ ಹಚ್ಚಿದೆ. ಮಂತ್ರ ತಪ್ಪಿತೋ ಏನೋ, ಅತ್ತುಕೊಂಡೇ ಹೇಳಿದೆ.

"ಪೂಜೆ ಆಯ್ತು ಕಣ್ರಿ. ಬಾಯ್ ಬುಡಿ."

ಬಾಯಿ ಬಿಟ್ಟರು. ಚೂರು ಚೂರಾಗಿ ತಿನ್ನಿಸಿದೆ.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಬುತ್ತಿ ಬಿಚ್ಚಿ ನಾನು ಕೊಟ್ಟ ರೊಟ್ಟಿಯನ್ನೂ ತಿಂದರು. ಸುತ್ತಲೂ ನೋಡಿ, ಕೈಯಲ್ಲಿದ್ದ ಲಿಂಗ ನೋಡಿ, ಆಮೇಲೆ ನನ್ನನ್ನು ನೋಡಿದರು. ಬೈಯಲಿ ಎಂದು ಕಾದೆ. ಅವರು ಮಿಕ್ಕ ಬೆಲ್ಲವನ್ನು ನನ್ನ ಸೆರಗಿನ ತುದಿಗೆ ಗಂಟು ಹಾಕಿದರು.

"ನನ್ ಜೋಬ್ನಲ್ಲಿದ್ರೆ ನೀನು ಕಿತ್ಕತೀಯ. ನಿನ್ನತ್ರಾನೇ ಇರ್ಲಿ."