ಅರ್ಧ ಕೆಜಿ

ಅಮರಪ್ಪನ ಚಟ್ಟಕ್ಕೆ ಗಂಟು ಬಿಗಿಯುತ್ತಿದ್ದ ಹುಲಗಪ್ಪ ತಲೆಯೆತ್ತಿ ಬೇವಿನ ಮರದ ಕಡೆ ನೋಡಿದ.

“ಖಾಜಾಕಾಕಾ ಬಂದಾನ. ಒಳಗ ಬರವಲ್ಲ.”

“ಅಂವ ಬರಂಗಿಲ್ಲಪ್ಪ,” ಎಂದ ಮುದುಕ ತಿಮ್ಮಣ್ಣ. “ಇಪ್ಪತ್ತೆರಡು ವರ್ಷ ಅಮರಪ್ಪನ ಮಾರಿ ನೋಡಿಲ್ಲ. ಇಲ್ಲಿತನಕ ಬಂದದ್ದ ದೊಡ್ಡದು.”

ಖಾಜಾಹುಸೇನನಿಗೆ ಎಲ್ಲ ಕೇಳಿಸುತ್ತಿತ್ತು. ಗೆಳೆಯನಿಗೆ ಹೆಗಲು ಕೊಡಬೇಕೆಂದೇ ಸುರಪುರದ ವೆಲ್ಡಿಂಗ್ ಅಂಗಡಿಗೆ ಬೀಗ ಜಡಿದು ದೇವಾಪುರಕ್ಕೆ ಬಂದಿದ್ದ. ಅಂಗಳದ ತನಕ ಬಂದ ಕಾಲು ಮುಂದೆ ಏಳಲೊಲ್ಲದೆ ಬೇವಿನ ಬುಡದಲ್ಲೇ ಕುಳಿತುಬಿಟ್ಟಿದ್ದ. ಸತ್ತವನ ಮುಂದೆಯೂ ಬಿಡದ ಹಾಳು ಮೊಂಡುತನ!

*

ಅದು ಕಾಲುವೆ ಅಗೆಯುತ್ತಿದ್ದ ಕಾಲ. ಗುತ್ತಿಗೆದಾರನೊಬ್ಬ ಕಬಡ್ಡಿ ತಂಡ ಕಟ್ಟಿ, ಅಮರಪ್ಪ, ಖಾಜಾ ಇಬ್ಬರಿಗೂ ಪಗಾರ ಕೊಟ್ಟು ಆಡಿಸುತ್ತಿದ್ದ. ಮೊಣಕಾಲು ಮುರಿದ ಮೇಲೆ ಅಮರಪ್ಪ ತಾಲ್ಲೂಕು ಕಬಡ್ಡಿ ಸಂಘದ ಕಾರ್ಯದರ್ಶಿಯಾದ. ಕೊರಳಲ್ಲಿ ಸೀಟಿ, ಕಂಕುಳಲ್ಲಿ ರಿಜಿಸ್ಟರು, ಮೈಮೇಲೆ ಇಸ್ತ್ರಿ ಅಂಗಿ. ಜಿಲ್ಲಾ ತಂಡದ ಆಯ್ಕೆಯ ಬೆಳಗ್ಗೆ ಖಾಜಾನನ್ನು ಮನೆಗೆ ಕರೆದು ತಾನೇ ಬಡಿಸಿದ.

“ಉಣ್ಣೋ, ಆಡಾಂವ ನೀ. ಇನ್ನೊಂದು ರೊಟ್ಟಿ ಹಾಕ್ಕೋ.”

ತಾಸು ಕಳೆದು, ಹತ್ತಿ ಅಂಗಡಿಯ ಕಾಟಾದ ಮೇಲೆ ಖಾಜಾ ಅರವತ್ತೈದೂವರೆ ಕೆಜಿ ತೂಗಿದ. ಅರವತ್ತೈದು ದಾಟಿದವನಿಗೆ ಆಟವಿಲ್ಲ.

“ಅಮರೂ, ಆ ಅರ್ಧ ಕೆಜಿ ನಿನ್ನ ಮನಿ ರೊಟ್ಟೀನಲೇ!”

ಅಮರಪ್ಪನ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಖಾಜಾನ ಹೆಸರಿನ ಮೇಲೆ ಗೀಟು ಎಳೆಯಿತು.

“ನಾ ಈಗ ಆಟಗಾರ ಅಲ್ಲೋ ಖಾಜಾ.”

ಆ ವರ್ಷ ಜಿಲ್ಲೆಗೆ ಆಡಿದವರಿಗೆಲ್ಲ ಸರ್ಕಾರಿ ನೌಕರಿ ಸಿಕ್ಕಿತು.

*

ಅಮರಪ್ಪನ ಹೆಂಡತಿ ಮೋನಮ್ಮ ಹೆಂಗಸರ ನಡುವಿನಿಂದ ಎದ್ದು ಬೇವಿನ ಮರದ ಕೆಳಗೆ ಬಂದಳು.

“ಖಾಜಣ್ಣ, ಅವತ್ತಿಂದ ತೂಕದ ದಿನ ಅವ್ರು ಒಂದು ತುತ್ತು ಬಾಯಾಗ ಹಾಕಿಲ್ರಿ. ಕಟ್ಟಕಡೀ ಆಟಗಾರ ಕಾಟಾ ಇಳಿಯೂತನ ನೀರೂ ಇಲ್ಲ. ಕೇಳಿದ್ರ, ‘ಖಾಜಾಗ ನಾನ ಉಣ್ಣಿಸಿ ಕೆಡಿಸಿದೆ’ ಅಂತಿದ್ರು.”

ಖಾಜಾಹುಸೇನ ಆಕೆಯ ಕಡೆ ತಿರುಗಿದ. “ಒಮ್ಮಿ ನನ್ನ ಮುಂದ ಅನ್ನಬಾರದಿತ್ತೇನು, ತಂಗಿ?”

“ನಿಮ್ಮ ಮನೀತನ ಬಂದಿದ್ರು. ನೀವು ಬಾಗಲಾ ತೆಗದಿದ್ರ ಅಂತಿದ್ರು.” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀವೊಂದು ಕಡಿ, ಅವ್ರೊಂದು ಕಡಿ ಆಗಿ ಕುಂತ್ರಿ. ಎದುರಿನಾಂವ ಔಟಾದ್ರ ಈ ಕಡಿ ಕುಂತಾಂವ ಏಳಬೇಕಂತ ನಿಮ್ಮ ಆಟದಾಗ ಕಾಯ್ದೆ ಐತಲ್ಲ? ಅವ್ರು ಔಟಾದ್ರು. ಏಳ್ರಿ.”

“ಎತ್ರಿ, ಹೊತ್ತಾತು!” ತಿಮ್ಮಣ್ಣ ಕೂಗಿದ.

ಖಾಜಾಹುಸೇನ ಎದ್ದ. ಅಂಗಳದ ಅಂಚಿನಲ್ಲಿ ಬಾಗಿ, ಹಿಂದೆ ದಾಳಿಗೆ ಹೋಗುವಾಗ ಮಾಡುತ್ತಿದ್ದಂತೆ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ. ಹುಲಗಪ್ಪ ಸರಿದು ಜಾಗ ಬಿಟ್ಟ.

ಹೆಗಲಿಗೆ ಬಂದ ಅಮರಪ್ಪ ಹಗುರಾಗಿದ್ದ, ಬೆಳಗಿನಿಂದ ಏನೂ ಉಣ್ಣದವನ ಹಾಗೆ.